ಒಂದು ಗ್ಲಾಸ್ ಕಪ್ಪು ಸ್ಟೌಟ್, ಒಂದು ಗಂಟೆ ಹೊತ್ತು

ನಾನು ಮೊದಲ ಸಲ ಸ್ಟೌಟ್ ಅನ್ನುವ ಕಪ್ಪು ಬಿಯರ್ ಕುಡಿದದ್ದು ಬೆಂಗಳೂರಿನ ಒಂದು ಪಬ್ಬಿನಲ್ಲಿ. ಏಪ್ರಿಲ್ ತಿಂಗಳ ಮಧ್ಯಾಹ್ನ. ಫ್ರೀಜರಿನಿಂದ ತೆಗೆದ, ಹೊರಗೆಲ್ಲ ಮಂಜು ಕಟ್ಟಿದ ಮಗ್ಗಿನಲ್ಲಿ ತಂದಿಟ್ಟರು. ಬಿಸಿಲಲ್ಲಿ ಬಂದವನು ನಾಲ್ಕೇ ಗುಟುಕಿಗೆ ಅರ್ಧ ಖಾಲಿ ಮಾಡಿದೆ. ಸಿಕ್ಕಿದ್ದು ಕಹಿ ಮತ್ತು ಸೀದ ವಾಸನೆ, ಅಷ್ಟೇ. ಉಳಿದರ್ಧ ಅಲ್ಲೇ ಬಿಟ್ಟು ಎದ್ದು ಬಂದೆ. ಆಮೇಲೆ ತುಂಬ ವರ್ಷ ಕಪ್ಪು ಬಿಯರ್ ಅಂದರೆ ಬೇಡ ಅನ್ನುತ್ತಿದ್ದೆ.

ಅಭಿಪ್ರಾಯ ಬದಲಾದದ್ದು ಕ್ಯಾಲಿಫೋರ್ನಿಯಾದಲ್ಲಿ, ಅಕ್ಕನ ಮನೆಯಲ್ಲಿ. ರಾತ್ರಿ ಊಟ ಮುಗಿದಿತ್ತು. ಭಾವ ಫ್ರಿಜ್ಜಿನಿಂದ ಒಂದು ಚಿಕ್ಕ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಹೆಸರು ಓಲ್ಡ್ ರಾಸ್‌ಪುಟಿನ್. ಅದೇ ರಾಜ್ಯದ ಫೋರ್ಟ್ ಬ್ರ್ಯಾಗ್ ಅನ್ನುವ ಕಡಲತೀರದ ಸಣ್ಣ ಊರಿನಲ್ಲಿ 1988ರಲ್ಲಿ ಶುರುವಾದ ನಾರ್ತ್ ಕೋಸ್ಟ್ ಕಂಪನಿಯದು. ರಷ್ಯನ್ ಇಂಪೀರಿಯಲ್ ಸ್ಟೌಟ್ ಅನ್ನುವ ಜಾತಿ. ಆಲ್ಕೋಹಾಲ್ ಶೇ. 9. ನಾನು ಓಪನರ್‌ಗೆ ಕೈ ಹಾಕಿದರೆ ಭಾವ ತಡೆದರು. ‘ಇರು ಮಾರಾಯ, ಅವಸರ ಯಾಕೆ? ಇನ್ನೂ ತಣ್ಣಗಿದೆ ಅದು.’

ಈ ‘ಇರು’ ಅನ್ನುವುದರಲ್ಲೇ ಇಂಥ ಬಿಯರಿನ ಗುಟ್ಟಿದೆ. ಆ ರಾತ್ರಿ ಒಂದು ಬಾಟಲಿಯನ್ನು ಇಬ್ಬರು ಹಂಚಿಕೊಂಡು ಒಂದು ಗಂಟೆ ಕುಡಿದೆವು. ಗ್ಲಾಸಿನಲ್ಲಿದ್ದದ್ದು ಅದೇ ಬಿಯರ್, ಆದರೆ ಮೊದಲ ಗುಟುಕಿಗೂ ಕೊನೆಯ ಗುಟುಕಿಗೂ ಸಂಬಂಧವೇ ಇಲ್ಲ ಅನ್ನುವಷ್ಟು ರುಚಿ ಬದಲಾಯಿತು. ಯಾಕೆ ಹಾಗಾಗುತ್ತದೆ ಅಂತ ಗೊತ್ತಾದರೆ ಸ್ಟೌಟ್ ಕುಡಿಯುವ ರೀತಿಯೂ ಬದಲಾಗುತ್ತದೆ.

ಇಪ್ಪತ್ತು ನಿಮಿಷ ಬಿಟ್ಟು ಬಾಟಲಿ ತೆರೆದರು. ಗ್ಲಾಸು ಹೊಟ್ಟೆ ದಪ್ಪ, ಬಾಯಿ ಕಿರಿದು. ತಂಬಿಗೆಯ ಹಾಗೆ. ಓರೆ ಹಿಡಿದು ನಿಧಾನವಾಗಿ ಸುರಿದು, ಕೊನೆಗೆ ನೇರ ಮಾಡಿದರು. ಬಿಯರ್ ಇಂಜಿನ್ ಆಯಿಲ್ ಥರ ಇಳಿಯಿತು. ಮೇಲೆ ಬಂದ ನೊರೆ ಬಿಳಿ ಅಲ್ಲ, ಫಿಲ್ಟರ್ ಕಾಫಿಯ ನೊರೆಯ ಬಣ್ಣ. ಗ್ಲಾಸಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ನಡುವೆ ಬೆಳಕು ಹಾಯಲೇ ಇಲ್ಲ. ಅಂಚಿನಲ್ಲಿ ಮಾತ್ರ ಮಾಣಿಕ್ಯದಂಥ ಕೆಂಪು ಮಿಂಚಿತು. ಸ್ಟೌಟ್ ನಿಜಕ್ಕೂ ಕಪ್ಪಲ್ಲ, ತೀರಾ ಗಾಢವಾದ ಕಂದು–ಕೆಂಪು.

ಆ ಬಣ್ಣ ಎಲ್ಲಿಂದ ಬರುತ್ತದೆ? ಇದಕ್ಕೆ ನಮ್ಮ ಮನೆಯ ರಾಗಿ ಸರಿಯನ್ನು ನೆನಪು ಮಾಡಿಕೊಂಡರೆ ಸಾಕು. ಮಗುವಿಗೆ ರಾಗಿ ಸರಿ ಮಾಡಲು ಅಮ್ಮಂದಿರು ರಾಗಿ ನೆನೆಸುತ್ತಾರೆ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತಾರೆ, ಒಣಗಿಸಿ ಹುರಿದು ಬೀಸಿಸುತ್ತಾರೆ. ಮೊಳಕೆ ಬರುವಾಗ ಕಾಳಿನೊಳಗೆ ಕೆಲವು ಕಿಣ್ವಗಳು ಎಚ್ಚರಾಗುತ್ತವೆ. ಹಿಟ್ಟನ್ನು ಸಕ್ಕರೆ ಮಾಡುವುದು ಇವುಗಳ ಕೆಲಸ. ಬಾರ್ಲಿಗೂ ಇದೇ ಮಾಡುತ್ತಾರೆ. ನೆನೆಸಿ, ಮೊಳಕೆ ಬರಿಸಿ, ಬಿಸಿ ಗಾಳಿಯಲ್ಲಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಅದನ್ನು ನುಚ್ಚು ಮಾಡಿ ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆ ನೆನೆಸಿಟ್ಟರೆ ಕಿಣ್ವಗಳು ಹಿಟ್ಟನ್ನೆಲ್ಲ ಸಿಹಿ ಮಾಡುತ್ತವೆ. ಆ ಸಿಹಿನೀರನ್ನು ಸೋಸಿ, ಕಹಿ ಕೊಡುವ ಹಾಪ್ಸ್ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಹಾಕಿ ಹುಳಿ ಬರಿಸಿದರೆ ಬಿಯರ್.

ಸ್ಟೌಟಿಗೆ ಬೇಕಾದ ಮಾಲ್ಟಿನಲ್ಲಿ ಒಂದಷ್ಟನ್ನು ಕಾಫಿ ಬೀಜದ ಹಾಗೆ ಕಪ್ಪಾಗುವವರೆಗೆ ಹುರಿಯುತ್ತಾರೆ. 200 ಡಿಗ್ರಿ ದಾಟಿಸಿ ಹುರಿಯುವ ಕೆಲಸ ಇದು. ಒಂದು ನಿಮಿಷ ಜಾಸ್ತಿಯಾದರೂ ಇದ್ದಿಲು. ಅದಕ್ಕೇ ಹದ ಬಂದ ಕೂಡಲೇ ನೀರು ಚಿಮುಕಿಸಿ ಬಿಸಿ ಇಳಿಸುತ್ತಾರೆ. ಕಾಫಿ ಹುರಿಯುವಾಗ, ಬ್ರೆಡ್ಡು ಟೋಸ್ಟ್ ಆಗುವಾಗ, ಒಗ್ಗರಣೆಗೆ ಹಾಕಿದ ಉದ್ದಿನಬೇಳೆ ಕೆಂಪಗಾಗುವಾಗ ಏಳುವ ಘಮ ಇಲ್ಲೂ ಹುಟ್ಟುತ್ತದೆ. ಕಾಳಿನ ಸಕ್ಕರೆ ಮತ್ತು ಪ್ರೋಟೀನು ಬಿಸಿಯಲ್ಲಿ ಕೂಡಿ ನೂರಾರು ಹೊಸ ವಾಸನೆಗಳಾಗುತ್ತವೆ. ಸ್ಟೌಟಿನಲ್ಲಿ ಕಾಫಿ, ಚಾಕೊಲೇಟ್ ರುಚಿ ಬಂದರೆ ಅವನ್ನು ಹಾಕಿದ್ದಾರೆ ಅಂತಲೇ ಅಲ್ಲ. ಹಾಕುವವರೂ ಇದ್ದಾರೆ, ಆದರೆ ಹೆಚ್ಚಿನ ಸಲ ಅದು ಬರೀ ಹುರಿದ ಬಾರ್ಲಿಯ ರುಚಿ.

ಇಷ್ಟು ಕಪ್ಪು ಬಣ್ಣಕ್ಕೆ ಕರಿ ಮಾಲ್ಟ್ ಬೇಕಾಗುವುದು ಒಟ್ಟು ಕಾಳಿನಲ್ಲಿ ಹತ್ತರಲ್ಲೊಂದು ಪಾಲು ಅಥವಾ ಅದಕ್ಕೂ ಕಮ್ಮಿ. ತೀರಾ ಜಾಸ್ತಿ ಹಾಕಿದರೆ ಬಿಯರೇ ಆಗುವುದಿಲ್ಲ. ಕಪ್ಪಗೆ ಹುರಿದ ಕಾಳಿನಲ್ಲಿ ಕಿಣ್ವ ಸತ್ತಿರುತ್ತದೆ. ಸಿಹಿ ಕೊಡುವ ಕೆಲಸವನ್ನೆಲ್ಲ ಹಾಗೆ ಹುರಿಯದ ಬಿಳಿ ಮಾಲ್ಟೇ ಮಾಡಬೇಕು.

ಈ ಹಂಚಿಕೆ ಮೊದಲಿನಿಂದ ಇದ್ದದ್ದಲ್ಲ. 18ನೇ ಶತಮಾನದ ಲಂಡನ್ನಿನಲ್ಲಿ ಪೋರ್ಟರ್ ಅನ್ನುವ ಕಂದು ಬಿಯರ್ ಊರಿಗೆಲ್ಲ ಪ್ರಿಯ. ಮಾರುಕಟ್ಟೆಯಲ್ಲಿ, ನದಿ ದಂಡೆಯಲ್ಲಿ ಮೂಟೆ ಹೊರುತ್ತಿದ್ದ ಹಮಾಲರು ಹೆಚ್ಚು ಕುಡಿಯುತ್ತಿದ್ದರಿಂದ ಆ ಹೆಸರು. ಅದನ್ನು ಪೂರ್ತಿ ಕಂದು ಮಾಲ್ಟಿನಲ್ಲೇ ಮಾಡುತ್ತಿದ್ದರು. ಸಿಹಿನೀರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಬಳಕೆಗೆ ಬಂದ ಮೇಲೆ ಬ್ರೂವರಿಗಳಿಗೆ ಲೆಕ್ಕ ಗೊತ್ತಾಯಿತು. ಕಂದು ಮಾಲ್ಟಿಗಿಂತ ಬಿಳಿ ಮಾಲ್ಟಿನಿಂದ ಸಕ್ಕರೆ ಜಾಸ್ತಿ ಬರುತ್ತದೆ, ಖರ್ಚು ಉಳಿಯುತ್ತದೆ. ಆದರೆ ಬಿಳಿ ಮಾಲ್ಟಿನಿಂದ ಕಂದು ಬಣ್ಣ ಬರುವುದಿಲ್ಲವಲ್ಲ? ಸುಟ್ಟ ಸಕ್ಕರೆ, ಅದು ಇದು ಬೆರೆಸಿ ಬಣ್ಣ ತರಲು ನೋಡಿದರು. 1816ರಲ್ಲಿ ಬ್ರಿಟಿಷ್ ಸರ್ಕಾರ ಅದನ್ನೂ ನಿಲ್ಲಿಸಿತು. ಮರುವರ್ಷವೇ, 1817ರಲ್ಲಿ, ಡೇನಿಯಲ್ ವೀಲರ್ ಅನ್ನುವವರು ಮಾಲ್ಟನ್ನು ತಿರುಗುವ ಲೋಹದ ಪೀಪಾಯಿಯಲ್ಲಿ ಹಾಕಿ, ಕಾಫಿ ಹುರಿದಂತೆ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಚಿಟಿಕೆಯಷ್ಟು ಕರಿ ಮಾಲ್ಟು, ಉಳಿದದ್ದೆಲ್ಲ ಬಿಳಿ. ಇವತ್ತು ನಮ್ಮ ಗ್ಲಾಸಿಗೆ ಬರುವ ಕಪ್ಪು ಬಣ್ಣ ಅವತ್ತಿನದೇ.

ಸ್ಟೌಟ್ ಅಂದರೆ ಆಗ ಕಪ್ಪು ಅಂತ ಅರ್ಥವಿರಲಿಲ್ಲ. ಗಟ್ಟಿಮುಟ್ಟು, ಜೋರು ಅಂತಷ್ಟೇ. ಪೋರ್ಟರಿನಲ್ಲಿ ಜೋರಾದದ್ದಕ್ಕೆ ಸ್ಟೌಟ್ ಪೋರ್ಟರ್ ಅನ್ನುತ್ತಿದ್ದರು, ಕ್ರಮೇಣ ಬಾಲ ಉದುರಿ ಸ್ಟೌಟ್ ಉಳಿಯಿತು. ಇಲ್ಲೇ ಜನ ಹೆಚ್ಚು ಮೋಸ ಹೋಗುವುದು. ಬಣ್ಣ ನೋಡಿ ಅಮಲು ಅಳೆಯುತ್ತಾರೆ. ಡಬ್ಲಿನ್ನಿನ ಗಿನ್ನೆಸ್ ಡ್ರಾಫ್ಟ್ ಕಪ್ಪಗಿದ್ದರೂ ಆಲ್ಕೋಹಾಲ್ ಬರೀ ಶೇ. 4.2. ನಮ್ಮಲ್ಲಿ ಸಿಗುವ ಹಳದಿ ಸ್ಟ್ರಾಂಗ್ ಬಿಯರ್‌ಗಳು ಅದಕ್ಕಿಂತ ಎಷ್ಟೋ ಜೋರು. ಬಣ್ಣ ಹುರಿಯುವುದರಿಂದ ಬರುತ್ತದೆ, ಅಮಲು ಸಕ್ಕರೆಯಿಂದ. ಎರಡೂ ಬೇರೆ ಬೇರೆ ಲೆಕ್ಕ.

ಭಾವನ ಬಾಟಲಿಯ ಲೆಕ್ಕ ಹೀಗಿತ್ತು. 355 ಮಿಲಿ, ಶೇ. 9. ಅಂದರೆ ಸುಮಾರು 32 ಮಿಲಿ ಆಲ್ಕೋಹಾಲ್. ನಮ್ಮೂರಿನ 650 ಮಿಲಿಯ ದೊಡ್ಡ ಬಾಟಲಿ, ಶೇ. 5ರ ಬಿಯರ್, ಅದರಲ್ಲೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಸಣ್ಣ ಬಾಟಲಿ ಅಲ್ವಾ ಅಂತ ಎರಡು ಮೂರು ಏರಿಸಿದರೆ ಎದ್ದು ನಿಲ್ಲುವುದು ಕಷ್ಟ, ಗಾಡಿ ಓಡಿಸುವ ಮಾತಂತೂ ಇಲ್ಲವೇ ಇಲ್ಲ. ಅದಕ್ಕೇ ನಾವು ಒಂದನ್ನೇ ಹಂಚಿಕೊಂಡದ್ದು.

ಇನ್ನು ಮೂಸುವ ವಿಷಯ. ಗ್ಲಾಸನ್ನು ಸ್ವಲ್ಪ ತಿರುಗಿಸಿ, ಮೂಗು ಬಾಯಂಚಿಗೆ ತಂದು ಚಿಕ್ಕ ಚಿಕ್ಕದಾಗಿ ಎರಡು ಮೂರು ಸಲ ಮೂಸಬೇಕು. ಒಂದೇ ಸಲ ಜೋರಾಗಿ ಎಳೆದರೆ ಆಲ್ಕೋಹಾಲಿನ ಘಾಟು ಹೊಡೆದು ಮೂಗು ಮಂಕಾಗುತ್ತದೆ. ಮೊದಲ ಸಲ ನನಗೆ ಸಿಕ್ಕಿದ್ದು ಕಾಫಿ ಡಿಕಾಕ್ಷನ್, ಅದೂ ಚಿಕೋರಿ ಇಲ್ಲದ ಅಚ್ಚ ಕಾಫಿಯದು. ಹಿಂದೆಯೇ ಕೋಕೋ ಪುಡಿ. ಅಷ್ಟೇ. ‘ಬೇರೆ ಏನೂ ಗೊತ್ತಾಗ್ತಿಲ್ಲ ಭಾವ’ ಅಂದೆ. ‘ಗೊತ್ತಾಗಲ್ಲ. ಇಟ್ಕೊಂಡು ಕೂತ್ಕೋ’ ಅಂದರು.

ಮೊದಲ ಗುಟುಕಿನಲ್ಲಿ ಪಬ್ಬಿನ ಕಹಿ ಮತ್ತೆ ನೆನಪಾಯಿತು, ಆದರೆ ಅಷ್ಟಿಲ್ಲ. ಇಲ್ಲಿ ನಾಲಿಗೆಯ ಗುಣ ಒಂದನ್ನು ತಿಳಿಯಬೇಕು. ತಣ್ಣಗಿರುವಾಗ ನಾಲಿಗೆಗೆ ಸಿಹಿ ಕಮ್ಮಿ ತಿಳಿಯುತ್ತದೆ. ಕರಗಿದ ಐಸ್‌ಕ್ರೀಂ ಕುಡಿದು ನೋಡಿ, ಗಟ್ಟಿ ಇದ್ದಾಗ ಹದವಾಗಿದ್ದ ಸಿಹಿ ಕರಗಿದ ಮೇಲೆ ಗಂಟಲು ಕಟ್ಟುತ್ತದೆ. ಸಕ್ಕರೆ ಅಷ್ಟೇ ಇದೆ, ಬದಲಾದದ್ದು ಬಿಸಿ. ಜೋರು ಸ್ಟೌಟಿನಲ್ಲಿ ಯೀಸ್ಟ್ ತಿಂದು ಮುಗಿಸದೆ ಬಿಟ್ಟ ಸಿಹಿ ಬಹಳ ಇರುತ್ತದೆ, ಅದಕ್ಕೆ ಸರಿದೂಗಲೆಂದೇ ಕಹಿಯನ್ನೂ ಜಾಸ್ತಿ ಹಾಕಿರುತ್ತಾರೆ. ಬಿಯರಿನ ಕಹಿಗೆ ಐಬಿಯು ಅನ್ನುವ ಒಂದು ಅಳತೆ ಇದೆ. ಮಾಮೂಲಿ ಲಾಗರ್ ಬಿಯರಿನಲ್ಲಿ ಇದು 10ರಿಂದ 20ರ ಆಸುಪಾಸು, ಓಲ್ಡ್ ರಾಸ್‌ಪುಟಿನ್‌ನಲ್ಲಿ 75. ಮಂಜಿನಷ್ಟು ತಣ್ಣಗೆ ಕೊಟ್ಟರೆ ಏನಾಗುತ್ತದೆ? ಸಿಹಿ ಅಡಗುತ್ತದೆ, ಕಹಿ ಒಂದೇ ಎದ್ದು ನಿಲ್ಲುತ್ತದೆ. ತಕ್ಕಡಿಯ ಒಂದು ತಟ್ಟೆಯನ್ನೇ ತೆಗೆದ ಹಾಗೆ. ಪಬ್ಬಿನ ಆ ಮಗ್ಗಿನಲ್ಲಿ ಆದದ್ದೂ ಇದೇ ಅಂತ ಈಗ ಅನಿಸುತ್ತದೆ. ಬಿಯರ್ ಕೆಟ್ಟದ್ದಿರಲಿಲ್ಲವೇನೋ.

ವಾಸನೆಗೂ ಇದೇ ಮಾತು. ಘಮ ಅಂದರೆ ಗಾಳಿಗೆ ಹಾರಿ ಬಂದ ಕಣ. ತಣ್ಣಗಿದ್ದರೆ ಹಾರುವುದಿಲ್ಲ. ಫ್ರಿಜ್ಜಿನಲ್ಲಿಟ್ಟ ಸಾರು ಮೂಸಿದರೆ ಏನು ತಿಳಿಯುತ್ತದೆ? ಬಿಸಿ ಮಾಡಿದರೆ ಬೀದಿಗೆಲ್ಲ ಘಮ. ಫ್ರಿಜ್ಜಿನ 4 ಡಿಗ್ರಿಯಿಂದ 12–13 ಡಿಗ್ರಿಗೆ ಬರುವಷ್ಟರಲ್ಲಿ ಸ್ಟೌಟ್ ಬಾಯಿ ಬಿಡುತ್ತದೆ. ಗ್ಲಾಸಿನ ಹೊಟ್ಟೆಯನ್ನು ಅಂಗೈಯಲ್ಲಿ ಹಿಡಿದು ಕೂತರೆ ಇನ್ನೂ ಬೇಗ. ಅದಕ್ಕೇ ಆ ತಂಬಿಗೆಯಂಥ ಆಕಾರ. ಹೊಟ್ಟೆಗೆ ಕೈಯ ಬಿಸಿ ತಾಗುತ್ತದೆ, ಕಿರಿದಾದ ಬಾಯಿ ಘಮವನ್ನು ಹಿಡಿದಿಡುತ್ತದೆ.

ಅರ್ಧ ಗಂಟೆ ಆಗಿತ್ತು. ಮತ್ತೆ ಮೂಸಿದೆ. ಕಾಫಿ ಹಿಂದೆ ಸರಿದು ಬೇರೇನೋ ಮುಂದೆ ಬಂದಿತ್ತು. ಹೆಸರು ನಾಲಿಗೆ ತುದಿಯಲ್ಲೇ ಇದೆ, ಬರುತ್ತಿಲ್ಲ. ಒಂದು ಗುಟುಕು ಬಾಯಿಗೆ ಹಾಕಿ, ಕೂಡಲೇ ನುಂಗದೆ ನಾಲಿಗೆ ಮೇಲೆ ಉರುಳಿಸಿದೆ. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಟ್ಟೆ. ಹೊಳೆಯಿತು. ಜೋನಿ ಬೆಲ್ಲ! ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸುವ ಹೊತ್ತಿಗೆ ಏಳುವ ಆ ಬಿಸಿ ಬೆಲ್ಲದ ಆವಿ. ಬೆನ್ನಿಗೇ ಒಣದ್ರಾಕ್ಷಿ, ಅಂಜೂರ.

ಉಸಿರು ಮೂಗಿನಿಂದ ಬಿಡುವುದು ಶೋಕಿಗಲ್ಲ. ನೆಗಡಿಯಾದಾಗ ಎಂಥ ಸಾರೂ ಸಪ್ಪೆ ಅನಿಸುತ್ತದಲ್ಲ? ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ, ಮಾಂಸದ ಸಾರಿನಂಥ ಒಂದು ರುಚಿ, ಇಷ್ಟೇ. ಕಾಫಿ, ಬೆಲ್ಲ, ದ್ರಾಕ್ಷಿ ಅಂತ ಬೇರೆ ಬೇರೆ ಮಾಡಿ ಹೇಳುವುದು ಮೂಗು. ನುಂಗಿದ ಮೇಲೆ ಗಂಟಲ ಹಿಂದಿನಿಂದ ಉಸಿರಿನ ಜೊತೆ ಮೂಗಿಗೆ ಏರುವ ಘಮದಲ್ಲೇ ಅರ್ಧಕ್ಕರ್ಧ ರುಚಿ ಇರುತ್ತದೆ. ಮೂಗು ಹಿಡಿದು ಒಂದು ಗುಟುಕು, ಬಿಟ್ಟು ಒಂದು ಗುಟುಕು ಕುಡಿದು ನೋಡಿ. ಕಾಫಿಯಲ್ಲೇ ಮಾಡಿ ನೋಡಬಹುದು, ಇದಕ್ಕೆ ಬಿಯರೇ ಬೇಕಂತಿಲ್ಲ.

ದ್ರಾಕ್ಷಿ, ಅಂಜೂರ ಯಾವುದನ್ನೂ ಹಾಕದ ಬಿಯರಿನಲ್ಲಿ ಆ ರುಚಿ ಹೇಗೆ? ಒಂದಿಷ್ಟು ಕ್ಯಾರಮೆಲ್ ಹದದ ಮಾಲ್ಟಿನಿಂದ. ಇನ್ನೊಂದಿಷ್ಟು ಯೀಸ್ಟಿನಿಂದ. ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವಾಗ ಯೀಸ್ಟ್ ಹಣ್ಣಿನ ಘಮದ ಎಸ್ಟರ್‌ಗಳನ್ನೂ ಹುಟ್ಟಿಸುತ್ತದೆ. ಸಿಹಿನೀರು ಗಟ್ಟಿಯಾದಷ್ಟೂ ಇವು ಜಾಸ್ತಿ. ಬೆಲ್ಲದ ನೆನಪು ಬರುವುದಕ್ಕೂ ಅರ್ಥವಿದೆ. ಇಲ್ಲೂ ಬಹಳ ಮಾಲ್ಟಿಗೆ ಕಮ್ಮಿ ನೀರು ಹಾಕಿ, ಹೊತ್ತು ಹಿಡಿದು ಕುದಿಸಿ ಗಟ್ಟಿ ಮಾಡುತ್ತಾರೆ. ಕಬ್ಬಿನ ಹಾಲು ಜೋನಿಯಾಗುವ ದಾರಿಯಲ್ಲೇ ಸ್ವಲ್ಪ ದೂರ ಹೋದ ಹಾಗೆ.

ಬಾಯಲ್ಲಿ ಅದು ಹೇಗೆ ಕೂರುತ್ತದೆ ಅನ್ನುವುದನ್ನೂ ಗಮನಿಸಿ. ಇದು ರುಚಿಯಲ್ಲ, ಮುಟ್ಟಿದ ಅನುಭವ. ನೀರಿನ ಹಾಗೆ ಜಾರುತ್ತದಾ, ಕೆನೆ ಹಾಲಿನ ಹಾಗೆ ನಾಲಿಗೆಗೆ ಹಚ್ಚಿಕೊಳ್ಳುತ್ತದಾ? ಓಟ್ಸ್ ಹಾಕಿದ ಸ್ಟೌಟ್ ಗಂಜಿಯಂತೆ ನುಣುಪು. ಹಾಲಿನ ಸಕ್ಕರೆ ಹಾಕಿದ ಮಿಲ್ಕ್ ಸ್ಟೌಟ್ ಸಿಹಿಯಾಗಿಯೇ ಉಳಿಯುತ್ತದೆ, ಆ ಸಕ್ಕರೆಯನ್ನು ಬಿಯರ್ ಯೀಸ್ಟ್ ತಿನ್ನಲಾರದು. ಆಲ್ಕೋಹಾಲಿನಿಂದ ಎದೆ ಮೆಲ್ಲಗೆ ಬೆಚ್ಚಗಾಗಬೇಕು. ಗಂಟಲು ಸುಟ್ಟರೆ ಅದು ಚೆನ್ನಾಗಿ ಮಾಡಿದ ಬಿಯರಲ್ಲ, ನನ್ನ ಪ್ರಕಾರ.

ಕಹಿಯಲ್ಲೂ ಎರಡಿದೆ, ಇದನ್ನು ಬೇರೆ ಮಾಡಲು ನನಗೆ ಕೆಲವು ತಿಂಗಳೇ ಹಿಡಿಯಿತು. ಹಾಪ್ಸಿನ ಕಹಿ ಹಸಿರು ಕಹಿ. ಹಾಗಲಕಾಯಿಯಂತೆ ನಾಲಿಗೆಯ ಹಿಂಭಾಗದಲ್ಲಿ ಕೂರುತ್ತದೆ. ಹುರಿದ ಮಾಲ್ಟಿನ ಕಹಿ ಕಾಫಿಯದು, ಜೊತೆಗೆ ಕಾಫಿಯಂಥದೇ ಸಣ್ಣ ಹುಳಿ. ಇವೆರಡೂ ಸರಿ. ಎಳೆ ಅಡಿಕೆ ಜಗಿದಂತೆ ಬಾಯಿ ಒಗರಾಗಿ ಎಳೆದುಕೊಂಡರೆ ಮಾತ್ರ ಕಾಳನ್ನು ಅತಿಯಾಗಿ ಹಿಂಡಿದ್ದಾರೆ ಅಂತ ತಿಳಿಯಬೇಕು. ಬೆಣ್ಣೆಯ ವಾಸನೆ ಢಾಳಾಗಿ ಹೊಡೆದರೆ ಯೀಸ್ಟ್ ತನ್ನ ಕೆಲಸ ಮುಗಿಸುವ ಮೊದಲೇ ಬಿಯರನ್ನು ಇಳಿಸಿರುತ್ತಾರೆ. ಒದ್ದೆ ರಟ್ಟಿನ ವಾಸನೆ ಬಂದರೆ ಗಾಳಿ ತಗುಲಿ ಹಳಸಿದೆ.

ಬಾಟಲಿಯ ಲೇಬಲ್ ಮೇಲೆ ರಷ್ಯಾದ ಕೊನೆಯ ದೊರೆಯ ಆಸ್ಥಾನದಲ್ಲಿದ್ದ ಗಡ್ಡದ ಸಾಧು ರಾಸ್‌ಪುಟಿನ್ ಚಿತ್ರ, ಸುತ್ತ ರಷ್ಯನ್ ಅಕ್ಷರ. ‘ನಿಜವಾದ ಗೆಳೆಯ ತಟ್ಟನೆ ಹುಟ್ಟುವುದಿಲ್ಲ’ ಅನ್ನುವ ಗಾದೆಯಂತೆ ಅದು, ಭಾವ ಓದಿ ಹೇಳಿದರು. ಕ್ಯಾಲಿಫೋರ್ನಿಯಾದ ಬಿಯರಿಗೆ ರಷ್ಯಾ ಯಾಕೆ? ಲಂಡನ್ನಿನ ಸದರ್ಕ್‌ನಲ್ಲಿ ಥ್ರೇಲ್ ಕುಟುಂಬದ ಒಂದು ದೊಡ್ಡ ಬ್ರೂವರಿ ಇತ್ತು. 1781ರಲ್ಲಿ ಅದು ಕೈ ಬದಲಾಗಿ ಬಾರ್ಕ್ಲೇ ಪರ್ಕಿನ್ಸ್ ಆಯಿತು. ಅಲ್ಲಿಂದ ಜೋರು ಪೋರ್ಟರ್ ಬಾಲ್ಟಿಕ್ ಸಮುದ್ರ ದಾಟಿ ಕ್ಯಾಥರೀನ್ ಮಹಾರಾಣಿಯ ಆಸ್ಥಾನಕ್ಕೆ ಹೋಗುತ್ತಿತ್ತು. ಚಿತ್ರಕಾರ ಜೋಸೆಫ್ ಫಾರಿಂಗ್ಟನ್ 1796ರ ತಮ್ಮ ದಿನಚರಿಯಲ್ಲಿ, ರಷ್ಯಾದ ಮಹಾರಾಣಿಗೆಂದೇ ಮಾಡಿದ, ಏಳು ವರ್ಷ ಇಟ್ಟರೂ ಕೆಡದ ಪೋರ್ಟರ್ ಕುಡಿದದ್ದನ್ನು ಬರೆದಿಟ್ಟಿದ್ದಾರೆ. ಸಾಮ್ರಾಜ್ಞಿಗೆ ಹೋದದ್ದರಿಂದ ಇಂಪೀರಿಯಲ್. ಸಮುದ್ರ ಪ್ರಯಾಣ ತಾಳಲಿ ಅಂತಲೇ ಜೋರು ಮಾಡಿದರು ಅನ್ನುವ ಕತೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಿಗೆ ಲಂಡನ್ನಿನ ಪೋರ್ಟರ್ ಇನ್ನೂ ಎಷ್ಟೋ ದೂರ, ಎಷ್ಟೋ ಸೆಕೆಯಲ್ಲಿ ಹಡಗಿನಲ್ಲಿ ಬರುತ್ತಿತ್ತು. ರಾಣಿಯ ಮನೆಗೆ ಜೋರಾದದ್ದೇ ಇಷ್ಟವಾಗಿರಬೇಕು.

ಈಗಿನ ಕ್ರಾಫ್ಟ್ ಬ್ರೂವರಿಗಳು ಅದನ್ನು ಮತ್ತೂ ಮುಂದಕ್ಕೆ ಒಯ್ದಿವೆ. ಶಿಕಾಗೋದ ಗೂಸ್ ಐಲ್ಯಾಂಡ್ 1990ರ ದಶಕದಲ್ಲಿ ಬರ್ಬನ್ ವಿಸ್ಕಿ ಖಾಲಿ ಮಾಡಿದ ಓಕ್ ಪೀಪಾಯಿಗಳಲ್ಲಿ ಸ್ಟೌಟ್ ಇಟ್ಟು ಮಾಗಿಸಿತು. ಓಕ್ ಮರದಿಂದ ವೆನಿಲ್ಲಾ, ಕೊಬ್ಬರಿಯ ಘಮ ಇಳಿಯುತ್ತದೆ. ಚೆನ್ನಾಗಿರುತ್ತದೆ, ಆದರೆ ಮೊದಲ ಸಲಕ್ಕೆ ಅದು ಬೇಡ. ಬರೀ ಮಾಲ್ಟಿನದನ್ನು ಕುಡಿದು ನಾಲಿಗೆಗೆ ಗುರುತು ಸಿಕ್ಕ ಮೇಲೆ ಅದಕ್ಕೆ ಹೋಗಿ.

ಭಾರತದಲ್ಲಿ ಬಿಯರಿಗೆ ಶೇ. 8 ಆಲ್ಕೋಹಾಲಿನ ಮಿತಿ ಇದೆ. ಹಾಗಾಗಿ ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಸಿಗುವ ಸ್ಟೌಟುಗಳು ಇದಕ್ಕಿಂತ ಹಗುರ. ನಮ್ಮದೇ ತೋಟಗಳ ಕಾಫಿ ಬೀಜ ಹಾಕಿದವೂ ಸಿಗುತ್ತವೆ. ನೈಟ್ರೋ ಅಂತ ಬೋರ್ಡಿನಲ್ಲಿದ್ದರೆ ನೊರೆಗೆ ಸಾರಜನಕ ಬಳಸಿದ್ದಾರೆ ಅಂತ. ಗುಳ್ಳೆ ಸಣ್ಣ, ನೊರೆ ಕೆನೆಯಂತೆ, ಬಾಯಿಗೆ ಚುರುಕು ಕಮ್ಮಿ. ಅಲ್ಲೂ ಮಾಡಬೇಕಾದ್ದು ಇದೇ. ಮಂಜಿನ ಮಗ್ ಬೇಡ, ಸಾದಾ ಗ್ಲಾಸ್ ಕೊಡಿ ಅನ್ನಿ. ಚಿಕ್ಕ ಅಳತೆ ತಗೊಳ್ಳಿ. ಹತ್ತು ನಿಮಿಷ ಸುಮ್ನೆ ಇಡಿ.

ಜೊತೆಗೆ ತಿನ್ನಲು ಖಾರದ್ದು ಬೇಡ. ಆಲ್ಕೋಹಾಲ್ ಮೆಣಸಿನ ಉರಿಯನ್ನು ಜಾಸ್ತಿ ಮಾಡುತ್ತದೆ. ಇಂಗ್ಲೆಂಡಿನವರು ಬ್ಲೂ ಚೀಸ್ ಇಡುತ್ತಾರೆ, ಉಪ್ಪು ಮತ್ತು ಸಿಹಿ ಚೆನ್ನಾಗಿ ಕೂಡುತ್ತವೆ. ನನಗೆ ಹೆಚ್ಚು ಹಿಡಿಸಿದ್ದು ಖಾರ ಕಮ್ಮಿ ಮಾಡಿದ ಕೊಡಗಿನ ಪಂದಿ ಕರಿ. ಮಸಾಲೆಯನ್ನು ಕಪ್ಪಗೆ ಹುರಿದಿರುತ್ತಾರೆ, ಕಾಚಂಪುಳಿಯ ಹುಳಿ ಇರುತ್ತದೆ. ಹುರಿದದ್ದಕ್ಕೆ ಹುರಿದದ್ದು ಜೊತೆಯಾಗುತ್ತದೆ, ಹುಳಿ ಕೊಬ್ಬನ್ನು ಕತ್ತರಿಸುತ್ತದೆ. ಮಾಂಸ ತಿನ್ನದವರಿಗೆ ಶೇಂಗಾ ಚಿಕ್ಕಿ.

ಆ ರಾತ್ರಿ ಕೊನೆಯ ಗುಟುಕಿನ ಹೊತ್ತಿಗೆ ಬಿಯರ್ ಕೋಣೆಯಷ್ಟೇ ಬೆಚ್ಚಗಾಗಿತ್ತು. ನೊರೆ ಇಲ್ಲ, ಗುಳ್ಳೆ ಹೆಚ್ಚುಕಮ್ಮಿ ಹೋಗಿದೆ. ಸಿಹಿ ಸ್ವಲ್ಪ ಅತಿಯಾಗಿತ್ತು, ಅಷ್ಟು ಬಿಸಿ ನನಗೆ ಬೇಕಿರಲಿಲ್ಲ. ನನಗೆ ಹದ ಅನಿಸಿದ್ದು ನಡುವಿನ ಇಪ್ಪತ್ತು ನಿಮಿಷ. ನಿಮ್ಮದು ಬೇರೆ ಇರಬಹುದು, ಒಂದೇ ಗ್ಲಾಸಿನಲ್ಲಿ ಹುಡುಕಿಕೊಳ್ಳಬಹುದು.

ಏಳುವ ಮೊದಲು ಭಾವ ಅಡುಗೆಮನೆಯ ಕೆಳಗಿನ ಕಪಾಟು ತೆರೆದು ತೋರಿಸಿದರು. ಅಕ್ಕಿ ಡಬ್ಬಿಯ ಹಿಂದೆ, ಕತ್ತಲಲ್ಲಿ, ಇದೇ ಬಿಯರಿನ ಮೂರು ಬಾಟಲಿ ನೆಟ್ಟಗೆ ನಿಂತಿದ್ದವು. ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಕೊಂಡ ವರ್ಷ ಬರೆದಿತ್ತು. ಇಟ್ಟಷ್ಟೂ ಹಾಪ್ಸಿನ ಕಹಿ ಇಳಿಯುತ್ತದೆ, ಹುರಿದ ಘಾಟು ಮೆತ್ತಗಾಗುತ್ತದೆ, ಒಣಹಣ್ಣಿನ ರುಚಿ ಏರುತ್ತದೆ. ತೀರಾ ಹೆಚ್ಚು ಇಟ್ಟರೆ ಸೋಯಾ ಸಾಸಿನ ವಾಸನೆ ಬರತೊಡಗುತ್ತದೆ, ಆಗ ಕಾದದ್ದು ದಂಡ. ‘ಇದನ್ನ ಯಾವಾಗ ತೆಗೆಯೋದು?’ ಅಂತ ಕೇಳಿದೆ. ಭಾವ ಹಳೆಯ ಬಾಟಲಿಯನ್ನು ಒಂದು ಚೂರೂ ಅಲುಗಿಸದೆ ಹಿಂದಕ್ಕೆ ಸರಿಸಿ, ‘ನೀನು ಮುಂದಿನ ಸಲ ಬಂದಾಗ’ ಅಂದರು.